ಸೋರುವ ಟ್ಯಾಂಕು, ಬಿಚ್ಚಲಾಗದ ಯಂತ್ರ

ಜೇಬಿನ ತಳದಲ್ಲಿ ಸಿಹಿ ವಾಸನೆಯ ಅಂಟು ಕಲೆ. ಬಾಯಿಗಿಟ್ಟು ಎಳೆದರೆ ಆವಿಗಿಂತ ಮೊದಲು ಗೊಳಗೊಳ ಸದ್ದು, ಇನ್ನೊಮ್ಮೆ ಎಳೆದರೆ ನಾಲಗೆಗೆ ಸಿಡಿಯುವ ಬಿಸಿ ಹನಿ. 2010ರ ದಶಕದಲ್ಲಿ ಲಂಡನ್ನಿನಲ್ಲೋ ಲಾಸ್ ಏಂಜಲೀಸ್‌ನಲ್ಲೋ ವೇಪ್, ಅಂದರೆ ಇ-ಸಿಗರೇಟು, ಹಿಡಿದು ಓಡಾಡಿದವರಿಗೆ ಈ ಕಿರಿಕಿರಿ ಚೆನ್ನಾಗಿ ಗೊತ್ತು. ವೇಪ್‌ನ ಚರಿತ್ರೆ ಎಂದರೆ ನಿಕೋಟಿನ್ ಚಟ, ಆರೋಗ್ಯ, ನಿಷೇಧ ಇವುಗಳ ಕಥೆ ಎಂದೇ ರೂಢಿ. ಆ ಕಥೆ ಮುಖ್ಯವೇ. ಆದರೆ ಈ ಯಂತ್ರ ಇಂದಿನ ಆಕಾರಕ್ಕೆ ಬಂದದ್ದು ಹೇಗೆಂದು ತಿಳಿಯಬೇಕಾದರೆ ಸೋರಿಕೆಯ ಜಾಡು ಹಿಡಿಯಬೇಕು. ಸೋರಿಕೆ ನಿಲ್ಲಿಸುವ ಹುಡುಕಾಟದಲ್ಲಿ ರಿಪೇರಿ ಕೆಲಸ ಒಮ್ಮೆ ಬಳಸುವವರ ಕೈಗೆ ಬಂತು, ಆಮೇಲೆ ಪೂರ್ತಿ ಕೈತಪ್ಪಿಹೋಯಿತು.

ಪೆನ್ಸಿಲ್ವೇನಿಯದ ಹರ್ಬರ್ಟ್ ಗಿಲ್ಬರ್ಟ್ 1963ರಲ್ಲೇ ಹೊಗೆಯಿಲ್ಲದ ಸಿಗರೇಟಿಗೆ ಪೇಟೆಂಟ್ ಅರ್ಜಿ ಹಾಕಿದ್ದರು, 1965ರಲ್ಲಿ ಅದು ಮಂಜೂರಾಯಿತು. ಮಾರುಕಟ್ಟೆಗೆ ಮಾತ್ರ ಬರಲಿಲ್ಲ. ಇಂದಿನ ಇ-ಸಿಗರೇಟಿನ ಮೂಲ ಚೀನಾದ ಔಷಧ ತಜ್ಞ ಹೋನ್ ಲಿಕ್ 2003ರ ಹೊತ್ತಿಗೆ ರೂಪಿಸಿದ ಸಾಧನ. ಹೋನ್ ಸ್ವತಃ ಸಿಗರೇಟು ಸೇದುತ್ತಿದ್ದರು, ಅವರ ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ‘ರುಯಾನ್’ ಹೆಸರಿನಲ್ಲಿ ಮಾರಾಟಕ್ಕೆ ಬಂದ ಆ ಸಾಧನ ಶ್ರವಣಾತೀತ ಕಂಪನದಿಂದ ನಿಕೋಟಿನ್ ದ್ರವವನ್ನು ಮಂಜಾಗಿಸುತ್ತಿತ್ತು. ಕಂಪನದ ಜಾಗಕ್ಕೆ ಬೇಗನೆ ಬಿಸಿ ತಂತಿ ಬಂತು.

ಆ ಕಾಲದ ಕೊಳವೆಗಳಲ್ಲಿ ದ್ರವವನ್ನು ಸ್ಪಂಜಿನಂಥ ನಾರು ಹಿಡಿದಿಡುತ್ತಿತ್ತು. ನಾರು ಒಣಗಿದರೆ ಸುಟ್ಟ ರುಚಿ, ಮೇಲೆ ನಾಲ್ಕು ಹನಿ ಹೆಚ್ಚು ಬಿಟ್ಟರೆ ತಳದಿಂದ ಸೋರಿಕೆ. ಈ ಕಾಟ ತಪ್ಪಿಸಲು ಪಾರದರ್ಶಕ ಟ್ಯಾಂಕುಗಳು ಬಂದವು. ಒಳಗೆ ದ್ರವ ಎಷ್ಟಿದೆ ಎಂದು ಕಣ್ಣಿಗೆ ಕಾಣುವಂತಾಯಿತು. ಆದರೆ ನಾರಿನ ಹಿಡಿತವಿಲ್ಲದ ದ್ರವ ಹೊರಬೀಳಲು ದಾರಿ ಹುಡುಕತೊಡಗಿತು.

ಕಾರಣ ಸರಳ. ಟ್ಯಾಂಕಿನೊಳಗೆ ದ್ರವದ ಮೇಲೆ ಒಂದಿಷ್ಟು ಗಾಳಿ ಇರುತ್ತದೆ. ಅದರ ಒತ್ತಡ ಹೊರಗಿನದಕ್ಕಿಂತ ತುಸು ಕಡಿಮೆ ಇರುವ ತನಕ ದ್ರವ, ಬಿಸಿ ತಂತಿಗೆ ಅದನ್ನು ಉಣಿಸುವ ಬತ್ತಿಯಲ್ಲೇ ನಿಲ್ಲುತ್ತದೆ. ವಿಮಾನ ಮೇಲೇರಿ ಕ್ಯಾಬಿನ್ನಿನ ಒತ್ತಡ ಇಳಿದರೆ ಒಳಗಿನ ಗಾಳಿ ಹಿಗ್ಗಿ ದ್ರವವನ್ನು ಬತ್ತಿಯ ಮೂಲಕ ಹೊರತಳ್ಳುತ್ತದೆ. ಹಳೆಯ ಶಾಯಿ ಪೆನ್ನು ವಿಮಾನದಲ್ಲಿ ಅಂಗಿ ಹಾಳುಮಾಡುತ್ತಿದ್ದದ್ದೂ ಹೀಗೆಯೇ. ಬಿಸಿಲಿಗೆ ನಿಂತ ಕಾರಿನಲ್ಲಿ ಗಾಳಿ ಹಿಗ್ಗುವುದಲ್ಲದೆ ದ್ರವವೂ ತೆಳುವಾಗುತ್ತದೆ. ಗಟ್ಟಿ ಗ್ಲಿಸರಿನ್ ಹೆಚ್ಚಿರುವ ದ್ರವ ಸ್ವಲ್ಪ ತಡೆದೀತು, ನೀರಾದ ಪ್ರೊಪಿಲೀನ್ ಗ್ಲೈಕಾಲ್ ಹೆಚ್ಚಿದ್ದರೆ ಅದೂ ಇಲ್ಲ. ಮೇಲಾಗಿ ಬಹುಪಾಲು ಟ್ಯಾಂಕುಗಳಲ್ಲಿ ಗಾಳಿಯ ತೂತು ಕಾಯಿಲ್‌ನ, ಅಂದರೆ ಬಿಸಿ ತಂತಿಯ ಸುರುಳಿಯ, ಕೆಳಗೇ ಇತ್ತು. ಜಾರಿದ ಹನಿ ನೇರ ಅಲ್ಲಿಂದಲೇ ಹೊರಗೆ. 2017ರಲ್ಲಿ ಬಂದ ಗೀಕ್‌ವೇಪ್ ಕಂಪನಿಯ ‘ಝ್ಯೂಸ್’ (Zeus) ನಂಥ ಟ್ಯಾಂಕುಗಳು ಗಾಳಿಯ ತೂತನ್ನು ಮೇಲಕ್ಕೆ ಸರಿಸಿ, ಸೋರುವುದಿಲ್ಲ ಎಂಬುದನ್ನೇ ದೊಡ್ಡದಾಗಿ ಸಾರಿಕೊಂಡವು.

ಅಷ್ಟರೊಳಗೆ ಬಳಸುವವರೇ ಮೆಕ್ಯಾನಿಕ್‌ಗಳಾಗಿದ್ದರು. ಅವರು ನೆಚ್ಚಿದ ಕಾಂಥಲ್ ತಂತಿ ಸ್ವೀಡನ್ನಿನ ಹಾಲ್‌ಸ್ಟಾಹಮ್ಮರ್‌ನದು. ಹಾನ್ಸ್ ಫಾನ್ ಕಾಂಟ್ಸೋ 1930ರ ದಶಕದ ಆರಂಭದಲ್ಲಿ ಬಳಕೆಗೆ ತಂದ ಕಬ್ಬಿಣ, ಕ್ರೋಮಿಯಂ, ಅಲ್ಯುಮಿನಿಯಂಗಳ ಈ ಮಿಶ್ರಲೋಹ ಕುಲುಮೆ, ಟೋಸ್ಟರ್‌ಗಳಿಗೆ ಒಗ್ಗಿದ್ದ ವಸ್ತು. ಅದರ ಕೂದಲೆಳೆಯಷ್ಟು ತುಂಡನ್ನು 3 ಮಿಲಿಮೀಟರ್ ಡ್ರಿಲ್ ಕಡ್ಡಿಗೆ ಐದಾರು ಸುತ್ತು ಸುತ್ತಿ, ಎರಡು ಪುಟ್ಟ ಸ್ಕ್ರೂಗಳ ನಡುವೆ ಬಿಗಿದು, ಓಮ್ ಮೀಟರ್‌ನಲ್ಲಿ ರೋಧ ನೋಡಿ, ಸುರುಳಿಯೊಳಗೆ ಹತ್ತಿ ತೂರಿಸಬೇಕು. ನಿಜವಾದ ಕೈಚಳಕ ಇರುವುದು ಈ ಹತ್ತಿಯಲ್ಲಿ. ಸಡಿಲವಾದರೆ ಟ್ಯಾಂಕು ಸೋರುತ್ತದೆ, ಬಿಗಿಯಾದರೆ ದ್ರವ ಏರದೆ ಹತ್ತಿ ಸುಡುತ್ತದೆ. ರೋಧ ಲೆಕ್ಕ ತಪ್ಪಿದರೆ ಬ್ಯಾಟರಿಯೇ ಅಪಾಯ. ಸೇದುವ ಚಟವನ್ನು ಮೆಚ್ಚದವರೂ ಈ ಕುಶಲತೆಗೆ ಗೌರವ ಕೊಡಬೇಕು.

ಟ್ಯಾಂಕನ್ನು ಬ್ಯಾಟರಿಗೆ ಕೂರಿಸುವ ‘510’ ಥ್ರೆಡ್ ಹೆಚ್ಚುಕಡಿಮೆ ಎಲ್ಲ ಕಂಪನಿಗಳಲ್ಲೂ ಒಂದೇ: 7 ಮಿಲಿಮೀಟರ್ ವ್ಯಾಸ, ಅರ್ಧ ಮಿಲಿಮೀಟರ್ ಪಿಚ್. ಒಬ್ಬರ ಟ್ಯಾಂಕು ಇನ್ನೊಬ್ಬರ ಬ್ಯಾಟರಿಗೆ ಕೂರುತ್ತಿತ್ತು. ಏಕರೂಪತೆ ಅಲ್ಲಿಗೇ ಮುಗಿಯಿತು. ಗಾಜಿನ ಕೊಳವೆ, ರಬ್ಬರ್ ಉಂಗುರ, ರೆಡಿಮೇಡ್ ಕಾಯಿಲ್ ಎಲ್ಲವೂ ಬೇರೆ ಬೇರೆ ಅಳತೆ. ಕಾಯಿಲ್‌ನ ತಯಾರಿಕೆ ನಿಂತರೆ ಚೆನ್ನಾಗಿರುವ ಟ್ಯಾಂಕೂ ಗುಜರಿಗೆ. ಸಾಸಿವೆಯಷ್ಟು ತೂಗದ ರಬ್ಬರ್ ಉಂಗುರ ಸಿಗದೆ ಇಡೀ ಸಾಧನ ಎಸೆಯಬೇಕಾಗಿ ಬರುವುದು ವಿನ್ಯಾಸದ ತಪ್ಪೇ ಹೊರತು ಬಳಸುವವರದಲ್ಲ.

ಸೋರಿಕೆ ಕಾನೂನಿನ ಪುಟಕ್ಕೂ ಏರಿತು. ಐರೋಪ್ಯ ಒಕ್ಕೂಟದ 2014ರ ತಂಬಾಕು ನಿರ್ದೇಶನ ಟ್ಯಾಂಕಿನ ಗಾತ್ರವನ್ನು 2 ಮಿಲಿಲೀಟರ್‌ಗೆ ಮಿತಿಗೊಳಿಸಿತು, ತುಂಬುವಾಗ ಸೋರಬಾರದು ಎಂದು ವಿಧಿಸಿತು. ಬಾಟಲಿಯ ಮೂತಿ ಕನಿಷ್ಠ 9 ಮಿಲಿಮೀಟರ್ ಉದ್ದ ಇರಬೇಕು, ನೆಟ್ಟಗೆ ಹಿಡಿದಾಗ ನಿಮಿಷಕ್ಕೆ 20 ಹನಿಗಿಂತ ಹೆಚ್ಚು ಬೀಳಬಾರದು ಎಂಬ ವಿವರ 2016ರಲ್ಲಿ ಸೇರಿತು. ಚರ್ಮಕ್ಕೆ ಹತ್ತಿದರೂ ನಿಕೋಟಿನ್ ವಿಷವಾದ್ದರಿಂದ ಇಷ್ಟು ಎಚ್ಚರ ಬೇಕಿತ್ತು.

ಅಮೆರಿಕದಲ್ಲಿ ಪ್ರಶ್ನೆ ರಿಪೇರಿಯದಾಯಿತು. 2016ರ ಆಗಸ್ಟ್ 8ರಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯ (ಎಫ್‌ಡಿಎ) ಇ-ಸಿಗರೇಟ್ ನಿಯಮ ಜಾರಿಗೆ ಬಂದಾಗ, ಗಿರಾಕಿಗೆ ಕಾಯಿಲ್ ಕಟ್ಟಿಕೊಡುವ ಅಂಗಡಿಯೂ ‘ತಯಾರಕ’ ಎನಿಸಿಕೊಳ್ಳುವ ಹಾಗಾಯಿತು. ಸ್ವಚ್ಛಗೊಳಿಸುವುದು, ಸ್ಕ್ರೂ ಬಿಗಿಮಾಡುವುದು, ಅದೇ ಬಗೆಯ ಕಾಯಿಲ್ ಬದಲಿಸುವುದು ಇವಕ್ಕೆ ತಯಾರಕರ ಕಟ್ಟುಪಾಡು ಹಾಕುವ ಇರಾದೆ ಇಲ್ಲವೆಂದು 2017ರ ಮಾರ್ಗಸೂಚಿಯ ಕರಡಿನಲ್ಲಿ ಸಂಸ್ಥೆ ಬಿಡಿಸಿ ಹೇಳಬೇಕಾಯಿತು.

ಭಾರತ ಹಿಡಿದದ್ದು ನಿಷೇಧದ ದಾರಿ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತು. 2019ರ ಸೆಪ್ಟೆಂಬರಿನ ಸುಗ್ರೀವಾಜ್ಞೆ, ಅದರ ಹಿಂದೆಯೇ ಬಂದ ಕಾಯಿದೆ ದೇಶಾದ್ಯಂತ ತಯಾರಿಕೆ, ಮಾರಾಟ, ಸಂಗ್ರಹಗಳಿಗೆ ತಡೆ ಹಾಕಿದವು. ಮೊದಲ ಸಲ ಮಾರಿ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹೊರದೇಶಗಳಲ್ಲಿ ಸೋರಿಕೆಗೆ ಸಿಕ್ಕ ಉತ್ತರ ಮುಚ್ಚಿದ ಡಬ್ಬಿ. 2015ರಲ್ಲಿ ‘ಜೂಲ್’ ಬ್ರ್ಯಾಂಡ್ ದ್ರವ ತುಂಬಿದ ಪಾಡ್‌ಗಳನ್ನು ತಂದಿತು, ಆಮೇಲೆ ಸೇದಿ ಎಸೆಯುವ ವೇಪ್‌ಗಳ ಪ್ರವಾಹ. ತುಂಬುವ ಗೋಜಿಲ್ಲ, ಹತ್ತಿ ಬದಲಿಸುವ ರಗಳೆಯಿಲ್ಲ, ಬಿಚ್ಚಲು ಸ್ಕ್ರೂವೂ ಇಲ್ಲ. ಒಳಗಿನ ಲಿಥಿಯಂ ಬ್ಯಾಟರಿ ಮಾತ್ರ ಇನ್ನೂ ಎಷ್ಟೋ ಸಲ ಚಾರ್ಜ್ ಆಗಬಲ್ಲದು. ಬ್ರಿಟನ್ನಿನಲ್ಲಿ ವಾರಕ್ಕೆ ಸುಮಾರು 50 ಲಕ್ಷ ಇಂಥ ವೇಪ್‌ಗಳು ಕಸಕ್ಕೆ ಬೀಳುತ್ತಿವೆ ಎಂದು ಮೆಟೀರಿಯಲ್ ಫೋಕಸ್ ಸಂಸ್ಥೆ 2023ರಲ್ಲಿ ಅಂದಾಜಿಸಿತು. ಕಸದ ಲಾರಿಗಳಲ್ಲಿ ಅವು ಜಜ್ಜಿಹೋಗಿ ಬೆಂಕಿ ಹೊತ್ತಿಕೊಳ್ಳುವುದು ಅಲ್ಲಿನ ಪೌರಕಾರ್ಮಿಕರ ನಿತ್ಯದ ಭಯವಾಯಿತು.

2025ರ ಜೂನ್ 1ರಿಂದ ಬ್ರಿಟನ್ ಒಂದೇ ಬಳಕೆಯ ವೇಪ್‌ಗಳ ಮಾರಾಟ ನಿಲ್ಲಿಸಿದೆ. ಈಗ ಅಲ್ಲಿ ಮಾರುವ ವೇಪ್ ಚಾರ್ಜ್ ಆಗಬೇಕು, ಮತ್ತೆ ತುಂಬಲು ಬರಬೇಕು, ಕಾಯಿಲ್ ಇದ್ದರೆ ಅದನ್ನು ಬದಲಿಸುವಂತಿರಬೇಕು, ಬದಲಿ ಕಾಯಿಲ್ ಅಂಗಡಿಯಲ್ಲಿ ಬಿಡಿಯಾಗಿ ಸಿಗಬೇಕು.