ನದಿಯ ದಕ್ಷಿಣ ದಂಡೆಯ ಒಂದು ಮತಕ್ಷೇತ್ರ: ಎಡ್ಮಂಟನ್ ಸ್ಟ್ರಾತ್‌ಕೋನಾದ ಗಡಿಗಳು ಮತ್ತು ಪ್ರತಿನಿಧಿಗಳು

1997ರ ಜೂನ್ 2ರಂದು ಕೆನಡಾದಲ್ಲಿ ಸಂಸತ್ ಚುನಾವಣೆ ನಡೆಯಿತು. ಅಲ್ಬರ್ಟಾ ಪ್ರಾಂತ್ಯದ ಎಡ್ಮಂಟನ್ ಸ್ಟ್ರಾತ್‌ಕೋನಾ ಕ್ಷೇತ್ರದಿಂದ ರಹೀಮ್ ಜಾಫರ್ ಎಂಬ 25 ವರ್ಷದ ಯುವಕ ಜಯ ಗಳಿಸಿದರು. ಕೆನಡಾದ ಸಂಸತ್ತಿಗೆ ಚುನಾಯಿತರಾದ ಪ್ರಥಮ ಮುಸ್ಲಿಮ್ ಎಂದು ಅವರ ಹೆಸರು ಇತಿಹಾಸದಲ್ಲಿ ದಾಖಲಾಗಿದೆ. ಇಂತಹ ಸುದ್ದಿಯನ್ನು ನಾವು ಸಂತೋಷದಿಂದ ಓದುತ್ತೇವೆ, ಹೆಸರನ್ನು ನೆನಪಿಟ್ಟುಕೊಳ್ಳುತ್ತೇವೆ, ಅಲ್ಲಿಗೆ ಬಿಟ್ಟುಬಿಡುತ್ತೇವೆ. ಅವರನ್ನು ಆರಿಸಿದವರು ಯಾರು, ಆ ಕ್ಷೇತ್ರದ ಗಡಿಯನ್ನು ಯಾರು ಎಳೆದರು, ಅದೇ ಕ್ಷೇತ್ರ ಹನ್ನೊಂದು ವರ್ಷಗಳ ಬಳಿಕ ಅವರನ್ನು ಏಕೆ ಕೈಬಿಟ್ಟಿತು ಎಂಬ ಪ್ರಶ್ನೆಗಳಲ್ಲಿ ಅಲ್ಪಸಂಖ್ಯಾತರಾಗಿ ಬದುಕುವ ಯಾರಿಗಾದರೂ ಹೆಚ್ಚಿನ ಪಾಠವಿದೆ.

ಎಡ್ಮಂಟನ್ ನಗರವನ್ನು ಉತ್ತರ ಸಸ್ಕಾಚೆವಾನ್ ನದಿ ಇಬ್ಭಾಗಿಸುತ್ತದೆ. 1891ರಲ್ಲಿ ಕ್ಯಾಲ್ಗರಿಯಿಂದ ಬಂದ ರೈಲುಮಾರ್ಗ ನದಿಯನ್ನು ದಾಟದೆ ದಕ್ಷಿಣ ದಂಡೆಯಲ್ಲೇ ನಿಂತಿತು. ರೈಲು ನಿಂತಲ್ಲಿ ಊರು ಬೆಳೆಯಿತು. ಕೆನಡಿಯನ್ ಪೆಸಿಫಿಕ್ ರೈಲ್ವೆಯ ಪ್ರಮುಖರಲ್ಲಿ ಒಬ್ಬರಾಗಿದ್ದ ಲಾರ್ಡ್ ಸ್ಟ್ರಾತ್‌ಕೋನಾ ಅವರ ಹೆಸರನ್ನು ಆ ಊರಿಗೆ ಇಡಲಾಯಿತು. 1907ರಲ್ಲಿ ಅದು ಸ್ವತಂತ್ರ ನಗರವಾಯಿತು. 1908ರಲ್ಲಿ ಸ್ಥಾಪನೆಯಾದ ಅಲ್ಬರ್ಟಾ ವಿಶ್ವವಿದ್ಯಾಲಯವನ್ನೂ ಪಡೆಯಿತು. 1912ರಲ್ಲಿ ಎಡ್ಮಂಟನ್‌ನೊಡನೆ ವಿಲೀನಗೊಂಡಿತು. ಸ್ವತಂತ್ರ ನಗರವಾಗಿ ಅದರ ಅಸ್ತಿತ್ವ ಕೇವಲ ಐದು ವರ್ಷಗಳದ್ದು. ಆದರೆ ಹೆಸರು ಉಳಿಯಿತು, ಮತ್ತು ಅದನ್ನು ಇಂದಿಗೂ ಜೀವಂತವಾಗಿ ಇಟ್ಟಿರುವುದರಲ್ಲಿ ಮತಕ್ಷೇತ್ರದ ಪಾಲು ದೊಡ್ಡದು.

ಕೆನಡಾದ ಜನ ಸಂಸತ್ ಕ್ಷೇತ್ರವನ್ನು 'ರೈಡಿಂಗ್' ಎಂದು ಕರೆಯುತ್ತಾರೆ. ಕುದುರೆ ಸವಾರಿಗೂ ಈ ಪದಕ್ಕೂ ಸಂಬಂಧವಿಲ್ಲ. ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರದೇಶವನ್ನು ಮೂರು ಪಾಲು ಮಾಡಿದ್ದಾಗ 'ಮೂರನೆಯ ಒಂದು ಭಾಗ' ಎಂಬರ್ಥದಲ್ಲಿ ಬಳಕೆಗೆ ಬಂದ ಪದವದು. ಎಡ್ಮಂಟನ್ ಸ್ಟ್ರಾತ್‌ಕೋನಾ ಎಂಬ ರೈಡಿಂಗ್ ರಚನೆಯಾದದ್ದು 1952ರಲ್ಲಿ, ಎಡ್ಮಂಟನ್ ಪೂರ್ವ ಮತ್ತು ಎಡ್ಮಂಟನ್ ಪಶ್ಚಿಮ ಕ್ಷೇತ್ರಗಳಿಂದ ಭಾಗಗಳನ್ನು ಬೇರ್ಪಡಿಸಿ. ಮುಂದಿನ ವರ್ಷ ಅಲ್ಲಿ ಮೊದಲ ಚುನಾವಣೆ ನಡೆದಾಗ ಲಿಬರಲ್ ಪಕ್ಷದ ರಿಚ್ಮಂಡ್ ಹ್ಯಾನಾ ಗೆದ್ದರು. 1957ರಲ್ಲಿ ಸೋಶಿಯಲ್ ಕ್ರೆಡಿಟ್ ಪಕ್ಷದ ಸಿಡ್ನಿ ಥಾಂಪ್ಸನ್, 1958ರ ಡೀಫನ್‌ಬೇಕರ್ ಅಲೆಯಲ್ಲಿ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ಟೆರಿ ನ್ಯೂಜೆಂಟ್, 1968ರ ಟ್ರುಡೊ ಅಲೆಯಲ್ಲಿ ಲಿಬರಲ್ ಪಕ್ಷದ ಅರ್ಥಶಾಸ್ತ್ರಜ್ಞ ಹ್ಯೂ ಹ್ಯಾರಿಸ್. ದೇಶದಲ್ಲಿ ಬೀಸಿದ ಗಾಳಿಗೆ ತಕ್ಕಂತೆ ಈ ಕ್ಷೇತ್ರ ತಿರುಗುತ್ತಾ ಬಂತು.

1972ರಲ್ಲಿ ಗೆದ್ದ ಡಗ್ ರೋಶ್ ಅವರ ಬಗ್ಗೆ ಎರಡು ಮಾತು ಹೇಳಬೇಕು. ಕ್ಯಾಥೊಲಿಕ್ ಪತ್ರಿಕೆಯೊಂದರ ಸಂಪಾದಕರಾಗಿದ್ದ ಅವರು ಧರ್ಮಶ್ರದ್ಧೆಯನ್ನು ಸಾರ್ವಜನಿಕ ಬದುಕಿನಿಂದ ದೂರವಿಡಲಿಲ್ಲ. ಅದನ್ನು ಮತಬ್ಯಾಂಕ್ ಆಗಿಯೂ ಬಳಸಲಿಲ್ಲ. ಮುಂದೆ ನಿರಸ್ತ್ರೀಕರಣಕ್ಕಾಗಿ ಕೆನಡಾದ ರಾಯಭಾರಿಯಾಗಿ, ಬಳಿಕ ಸೆನೆಟರ್ ಆಗಿ ಅಣ್ವಸ್ತ್ರಗಳ ವಿರುದ್ಧ ದುಡಿದರು. ಅವರ ನಂತರ 1979ರಲ್ಲಿ ಬಂದವರು ಡೇವಿಡ್ ಕಿಲ್ಗೋರ್. 1988ರ ಚುನಾವಣೆಗೆ ಗಡಿಗಳು ಬದಲಾದಾಗ ಕಿಲ್ಗೋರ್ ಹೊಸ ಎಡ್ಮಂಟನ್ ಆಗ್ನೇಯ ಕ್ಷೇತ್ರಕ್ಕೆ ಹೋದರು. 1990ರಲ್ಲಿ ಹೊಸ ಮಾರಾಟ ತೆರಿಗೆಯನ್ನು ವಿರೋಧಿಸಿದ್ದಕ್ಕಾಗಿ ಸ್ವಂತ ಪಕ್ಷದ ಸಂಸದೀಯ ಗುಂಪಿನಿಂದ ಹೊರಹಾಕಲ್ಪಟ್ಟು, ಅನಂತರ ಲಿಬರಲ್ ಪಕ್ಷ ಸೇರಿದರು. ಸ್ಟ್ರಾತ್‌ಕೋನಾದಲ್ಲಿ ಸ್ಕಾಟ್ ಥಾರ್ಕಲ್ಸನ್, ಅನಂತರ 1993ರಲ್ಲಿ ರಿಫಾರ್ಮ್ ಪಕ್ಷದ ಹ್ಯೂ ಹ್ಯಾನ್ರಹನ್ ಆಯ್ಕೆಯಾದರು.

ಇಷ್ಟರಲ್ಲಿ ಗಡಿಗಳ ವಿಷಯ. 1952ರಲ್ಲಿ ಕ್ಷೇತ್ರವನ್ನು ರಚಿಸಿದ್ದು ಸಂಸತ್ತೇ. ಅಂದರೆ, ಚುನಾವಣೆಗೆ ನಿಲ್ಲುವವರೇ ಕ್ಷೇತ್ರದ ಗೆರೆಯನ್ನೂ ಎಳೆಯುತ್ತಿದ್ದರು. ಇದರ ದುರುಪಯೋಗಕ್ಕೆ ಕೆನಡಾದಲ್ಲಿ ಹಳೆಯ ಉದಾಹರಣೆಯಿದೆ: 1882ರಲ್ಲಿ ಪ್ರಧಾನಿ ಜಾನ್ ಎ. ಮ್ಯಾಕ್‌ಡೊನಾಲ್ಡ್ ಒಂಟಾರಿಯೊದ ಗಡಿಗಳನ್ನು ಬದಲಿಸಿ, ಲಿಬರಲ್ ಮತದಾರರು ಕೆಲವೇ ಕ್ಷೇತ್ರಗಳಲ್ಲಿ ಒಟ್ಟಾಗಿ ಉಳಿದವುಗಳಲ್ಲಿ ದುರ್ಬಲರಾಗುವಂತೆ ಮಾಡಿದ್ದರು. ಈ ಪದ್ಧತಿ ಕೊನೆಗೊಂಡದ್ದು 1964ರ ಕಾನೂನಿನಿಂದ. ಅದರ ಪ್ರಕಾರ ಹತ್ತು ವರ್ಷಗಳಿಗೊಮ್ಮೆ ಜನಗಣತಿಯಾದ ಬಳಿಕ ಪ್ರತಿ ಪ್ರಾಂತ್ಯಕ್ಕೂ ಮೂವರು ಸದಸ್ಯರ ಸ್ವತಂತ್ರ ಆಯೋಗ ನೇಮಕವಾಗುತ್ತದೆ. ಅಧ್ಯಕ್ಷರನ್ನು ಪ್ರಾಂತ್ಯದ ಮುಖ್ಯ ನ್ಯಾಯಾಧೀಶರು ಆರಿಸುತ್ತಾರೆ, ಉಳಿದಿಬ್ಬರನ್ನು ಸಭಾಧ್ಯಕ್ಷರು. ಆಯೋಗ ಕರಡು ನಕ್ಷೆ ಪ್ರಕಟಿಸಿ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾವ ನಾಗರಿಕನೂ ಹೋಗಿ, 'ನಮ್ಮ ಬಡಾವಣೆಯನ್ನು ಎರಡು ಹೋಳು ಮಾಡಬೇಡಿ' ಎಂದು ಹೇಳಬಹುದು. ಸಂಸದರೂ ಆಕ್ಷೇಪ ಸಲ್ಲಿಸಬಹುದು. ಕೊನೆಯ ಮಾತು ಮಾತ್ರ ಆಯೋಗದ್ದೇ.

ಹೀಗೆ ದಶಕದಿಂದ ದಶಕಕ್ಕೆ ಸ್ಟ್ರಾತ್‌ಕೋನಾದ ನಕ್ಷೆ ಬದಲಾಯಿತು. ತೈಲದ ಸಂಪತ್ತಿನಿಂದ ಎಡ್ಮಂಟನ್ ದಕ್ಷಿಣಕ್ಕೆ ಚಾಚಿದಂತೆ ಹೊರವಲಯದ ಹೊಸ ಬಡಾವಣೆಗಳು ಬೇರೆ ಕ್ಷೇತ್ರಗಳಾದವು. 1953ರಲ್ಲಿ ಅಲ್ಬರ್ಟಾಕ್ಕೆ 17 ಸ್ಥಾನಗಳಿದ್ದವು. 1997ರ ಹೊತ್ತಿಗೆ 26 ಆಗಿದ್ದವು, 2004ರಲ್ಲಿ 28, 2015ರಲ್ಲಿ 34, 2025ರಲ್ಲಿ 37. ಪ್ರಾಂತ್ಯದ ಸ್ಥಾನಗಳು ಹೆಚ್ಚಿದಷ್ಟೂ ಸ್ಟ್ರಾತ್‌ಕೋನಾ ಕುಗ್ಗಿತು. ಉಳಿದದ್ದು ಹಳೆಯ ತಿರುಳು: ವಿಶ್ವವಿದ್ಯಾಲಯ, ಅಂಗಡಿ ಮತ್ತು ನಾಟಕಶಾಲೆಗಳಿರುವ ವೈಟ್ ಅವೆನ್ಯೂ, ಫ್ರೆಂಚ್ ಮಾತನಾಡುವವರ ನೆಲೆಯಾದ ಬಾನಿ ಡೂನ್. ವಿದ್ಯಾರ್ಥಿಗಳು, ಅಧ್ಯಾಪಕರು, ಬಾಡಿಗೆ ಮನೆಯ ಯುವಜನರು ಮೊದಲೂ ಅಲ್ಲಿದ್ದರು. ಸುತ್ತಲಿನ ಬಡಾವಣೆಗಳು ಕಳಚಿಕೊಂಡಾಗ ಅವರ ಮತದ ತೂಕ ಹೆಚ್ಚಿತು. ಕ್ಷೇತ್ರದ ಮುಂದಿನ ರಾಜಕೀಯವನ್ನು ಅಭ್ಯರ್ಥಿಗಳ ಭಾಷಣಗಳಿಗಿಂತ ಇದೇ ಹೆಚ್ಚು ನಿರ್ಧರಿಸಿತೆಂದು ನನ್ನ ಅಭಿಪ್ರಾಯ.

ಈಗ ಜಾಫರ್ ಅವರತ್ತ ಮರಳೋಣ. ಅವರು 1971ರಲ್ಲಿ ಉಗಾಂಡಾದ ಕಂಪಾಲಾದಲ್ಲಿ, ಗುಜರಾತ್ ಮೂಲದ ಇಸ್ಮಾಯಿಲಿ ಕುಟುಂಬದಲ್ಲಿ ಜನಿಸಿದರು. ಮಗುವಿಗೆ ಒಂದು ವರ್ಷ ತುಂಬುವ ಮೊದಲೇ, 1972ರ ಆಗಸ್ಟ್‌ನಲ್ಲಿ, ಏಷ್ಯನ್ನರೆಲ್ಲ 90 ದಿನಗಳೊಳಗೆ ದೇಶ ಬಿಡಬೇಕೆಂದು ಇದಿ ಅಮೀನ್ ಆಜ್ಞಾಪಿಸಿದ. ಒಬ್ಬ ಮುಸ್ಲಿಮ್ ಆಡಳಿತಗಾರನ ಆಜ್ಞೆಯಿಂದ ಸಾವಿರಾರು ಮುಸ್ಲಿಮ್ ಕುಟುಂಬಗಳು ಬೀದಿಗೆ ಬಿದ್ದವು ಎಂಬುದನ್ನು ನಾವು ಮರೆಯಬಾರದು. ಆಗ ಕೆನಡಾ ಆಶ್ರಯ ನೀಡಿದ ಸಾವಿರಾರು ಜನರಲ್ಲಿ ಜಾಫರ್ ಕುಟುಂಬವೂ ಸೇರಿತ್ತು. ಆ ಮಗು ಕಾಲು ಶತಮಾನದ ಬಳಿಕ ಸಂಸತ್ತನ್ನು ಪ್ರವೇಶಿಸಿದ್ದು ರಿಫಾರ್ಮ್ ಪಕ್ಷದಿಂದ. ವಲಸೆಯನ್ನು ಕಡಿಮೆ ಮಾಡಬೇಕು, ಬಹುಸಂಸ್ಕೃತಿ ನೀತಿಗೆ ಸರ್ಕಾರಿ ಹಣ ಕೊಡಬಾರದು ಎನ್ನುತ್ತಿದ್ದ ಪಕ್ಷವದು. ಇದನ್ನು ವಿಪರ್ಯಾಸ ಎನ್ನಬಹುದು. ಆದರೆ ಸಮುದಾಯದ ಒಬ್ಬ ವ್ಯಕ್ತಿ ಇಂಥ ಪಕ್ಷಕ್ಕೇ ಸೇರಬೇಕೆಂದು ನಾವು ಮೊದಲೇ ನಿಶ್ಚಯಿಸಿಬಿಡುವ ಅಭ್ಯಾಸವೂ ಅಷ್ಟೇನೂ ಒಳ್ಳೆಯದಲ್ಲ.

ಅದೇ 1997ರಲ್ಲಿ ಇನ್ನೊಂದು ಸ್ವಾರಸ್ಯಕರ ಘಟನೆ ನಡೆಯಿತು. ಕೆನಡಾದಲ್ಲಿ ಪ್ರಾಂತೀಯ ಶಾಸನಸಭೆಗೆ ಬೇರೆಯೇ ಕ್ಷೇತ್ರಗಳಿವೆ. ಅಲ್ಲೂ ಎಡ್ಮಂಟನ್ ಸ್ಟ್ರಾತ್‌ಕೋನಾ ಎಂಬ ಹೆಸರಿನದೊಂದಿದೆ. ಆ ವರ್ಷದ ಮಾರ್ಚ್‌ನಲ್ಲಿ ಅಲ್ಲಿಂದ ಗೆದ್ದವರು ಪಂಜಾಬ್ ಮೂಲದ ಪ್ರಾಧ್ಯಾಪಕ ರಾಜ್ ಪನ್ನು, ಎಡಪಂಥೀಯ ನ್ಯೂ ಡೆಮಾಕ್ರಟಿಕ್ ಪಕ್ಷದಿಂದ. ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ಅದೇ ಬೀದಿಗಳ ಜನರು ಭಾರತೀಯ ಉಪಖಂಡದ ಮೂಲದ ಇಬ್ಬರನ್ನು ಎರಡು ವಿರುದ್ಧ ಪಕ್ಷಗಳಿಂದ ಎರಡು ಸಭೆಗಳಿಗೆ ಕಳುಹಿಸಿದ್ದರು.

ಮುಸ್ಲಿಮರ ಮತದಿಂದಲೇ ಜಾಫರ್ ಗೆದ್ದರೆಂದು ಊಹಿಸುವುದು ತಪ್ಪಾಗುತ್ತದೆ. ಎಡ್ಮಂಟನ್‌ನ ಮುಸ್ಲಿಮ್ ಇತಿಹಾಸ ನಿಜಕ್ಕೂ ಹಳೆಯದು. ಕೆನಡಾದ ಮೊದಲ ಮಸೀದಿ ಅಲ್ ರಶೀದ್ 1938ರ ಡಿಸೆಂಬರ್‌ನಲ್ಲಿ ಇಲ್ಲಿಯೇ ಉದ್ಘಾಟನೆಗೊಂಡಿತು. ಹಿಲ್ವೀ ಹಮ್ದೂನ್ ಎಂಬ ಲೆಬನಾನ್ ಮೂಲದ ಮಹಿಳೆ ನಗರಾಧ್ಯಕ್ಷರ ಬಳಿ ಹೋಗಿ ಜಾಗ ಕೇಳಿದ್ದು, ಮುಸ್ಲಿಮ್, ಕ್ರೈಸ್ತ, ಯಹೂದಿ ಎಂಬ ಭೇದವಿಲ್ಲದೆ ವ್ಯಾಪಾರಿಗಳಿಂದ ಹಣ ಸಂಗ್ರಹಿಸಿದ್ದು ಅಲ್ಲಿ ಇಂದಿಗೂ ಹೇಳುವ ಸಂಗತಿ. ಉದ್ಘಾಟನೆಯಲ್ಲಿ ಪಾಲ್ಗೊಂಡವರಲ್ಲಿ ನಮಗೆಲ್ಲ ಪರಿಚಿತರಾದ ಕುರ್‌ಆನ್ ಅನುವಾದಕ ಅಬ್ದುಲ್ಲಾ ಯೂಸುಫ್ ಅಲಿ ಇದ್ದರು. ಆದರೆ ಆ ಮಸೀದಿ ನಿಂತದ್ದು ನದಿಯ ಉತ್ತರ ದಂಡೆಯಲ್ಲಿ, ಸ್ಟ್ರಾತ್‌ಕೋನಾದ ಹೊರಗೆ. ಮಸೀದಿ ಕಟ್ಟಿದ ಸಮುದಾಯದ ಬೇರೊಬ್ಬ ಮಗ ಲ್ಯಾರಿ ಶಾಬೆನ್ 1975ರಲ್ಲಿ ಪ್ರಾಂತೀಯ ಶಾಸನಸಭೆಗೆ ಆಯ್ಕೆಯಾಗಿ ಮುಂದೆ ಸಚಿವರಾದದ್ದೂ ಎಡ್ಮಂಟನ್‌ನಿಂದಲ್ಲ. ಉತ್ತರದ ಕಾಡುಸೀಮೆಯ ಲೆಸ್ಸರ್ ಸ್ಲೇವ್ ಲೇಕ್ ಕ್ಷೇತ್ರದಿಂದ. ಇಬ್ಬರಿಗೂ ಮತ ಕೊಟ್ಟವರಲ್ಲಿ ಹೆಚ್ಚಿನವರು ಅನ್ಯಧರ್ಮೀಯರು.

ಜಾಫರ್ 2000, 2004 ಮತ್ತು 2006ರಲ್ಲಿ ಮತ್ತೆ ಗೆದ್ದರು. ಅಷ್ಟರಲ್ಲಿ ಅವರ ಪಕ್ಷ ಕೆನಡಿಯನ್ ಅಲಯನ್ಸ್ ಆಗಿ, ಬಳಿಕ ಕನ್ಸರ್ವೇಟಿವ್ ಪಕ್ಷವಾಗಿ ರೂಪಾಂತರಗೊಂಡಿತ್ತು. ವಿರೋಧಿ ಮತಗಳು ಲಿಬರಲ್ ಮತ್ತು ನ್ಯೂ ಡೆಮಾಕ್ರಟಿಕ್ ಪಕ್ಷಗಳ ನಡುವೆ ಹಂಚಿಹೋಗುತ್ತಿದ್ದುದರ ಲಾಭ ಅವರಿಗೆ ದೊರೆಯುತ್ತಿತ್ತು. 2004ರಲ್ಲಿ ಎರಡನೆಯ ಸ್ಥಾನ ಲಿಬರಲ್ ಪಕ್ಷದ್ದು. 2006ರಲ್ಲಿ ಅದು ನ್ಯೂ ಡೆಮಾಕ್ರಟಿಕ್ ಪಕ್ಷದ ಲಿಂಡಾ ಡಂಕನ್ ಎಂಬ ಪರಿಸರ ವಕೀಲರ ಪಾಲಾಯಿತು. ಜಾಫರ್‌ಗೆ ಎದುರಾಳಿ ಯಾರೆಂದು ಮತದಾರರಿಗೆ ಸ್ಪಷ್ಟವಾಯಿತು. 2008ರ ಅಕ್ಟೋಬರ್ 14ರ ರಾತ್ರಿ ಎಣಿಕೆ ನಡೆಯುತ್ತಿದ್ದಾಗ ಮಾಧ್ಯಮಗಳು ಜಾಫರ್ ಗೆದ್ದರೆಂದು ಘೋಷಿಸಿದವು, ಅವರು ವಿಜಯ ಭಾಷಣವನ್ನೂ ಮಾಡಿದರು. ಎಣಿಕೆ ಮುಗಿದಾಗ ಡಂಕನ್ 463 ಮತಗಳಿಂದ ಮುಂದಿದ್ದರು. ಅಲ್ಬರ್ಟಾದ 28 ಸ್ಥಾನಗಳಲ್ಲಿ 27 ಕನ್ಸರ್ವೇಟಿವ್ ಪಕ್ಷಕ್ಕೆ, ಉಳಿದ ಒಂದೇ ಒಂದು ಸ್ಟ್ರಾತ್‌ಕೋನಾ. ಹನ್ನೊಂದು ವರ್ಷಗಳ ಹಿಂದೆ ಅವರನ್ನು ಆರಿಸಿದಾಗ ಮತ ಬಿದ್ದದ್ದು ಪಕ್ಷ ಮತ್ತು ಅಭ್ಯರ್ಥಿಗೆ. ಕೈಬಿಟ್ಟಾಗಲೂ ಲೆಕ್ಕಕ್ಕೆ ಬಂದದ್ದು ಅವೇ.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಬೇರೆ ತೂಕವಿದೆ. ಇಲ್ಲಿ ಕ್ಷೇತ್ರ ಪುನರ್ವಿಂಗಡಣಾ ಆಯೋಗದ ಆದೇಶವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಸಂವಿಧಾನದ 329ನೇ ವಿಧಿ ಅಡ್ಡಿಯಾಗುತ್ತದೆ. ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿರುವ ಹಲವು ಕ್ಷೇತ್ರಗಳು ಪರಿಶಿಷ್ಟ ಜಾತಿಗೆ ಮೀಸಲಾಗಿವೆ ಎಂಬ ದೂರನ್ನು 2006ರ ಸಾಚಾರ್ ಸಮಿತಿಯ ವರದಿ ಪ್ರಸ್ತಾಪಿಸಿತ್ತು. 2008ರ ಪುನರ್ವಿಂಗಡಣೆಯಲ್ಲಿ ಮಂಗಳೂರು ಕ್ಷೇತ್ರ ಹೆಸರು ಬದಲಿಸಿಕೊಂಡು ದಕ್ಷಿಣ ಕನ್ನಡವಾದದ್ದು, ಕೊಡಗು ಅದರಿಂದ ಕಳಚಿ ಮೈಸೂರಿಗೆ ಸೇರಿದ್ದು ಕರಾವಳಿಯವರಿಗೆ ನೆನಪಿರಬಹುದು. ಕರಡು ನಕ್ಷೆ ಪ್ರಕಟವಾದಾಗ ನಮ್ಮಲ್ಲೂ ಆಕ್ಷೇಪಣೆ ಸಲ್ಲಿಸುವ ಅವಕಾಶವಿದೆ, ಸಾರ್ವಜನಿಕ ಸಭೆಗಳು ನಡೆಯುತ್ತವೆ. ನಮ್ಮ ಜಮಾಅತ್‌ಗಳಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಕೆಲಸ ಶ್ರದ್ಧೆಯಿಂದ ನಡೆಯುತ್ತದೆ. ನಕ್ಷೆಯನ್ನು ಬಿಡಿಸಿ ನೋಡುವ ಕೆಲಸ ಅಷ್ಟಾಗಿ ನಡೆದಂತಿಲ್ಲ.

ಡಂಕನ್ 2011 ಮತ್ತು 2015ರಲ್ಲಿಯೂ ಗೆದ್ದು 2019ರಲ್ಲಿ ನಿವೃತ್ತರಾದರು. ಅದೇ ಪಕ್ಷದ ಹೆದರ್ ಮ್ಯಾಕ್‌ಫರ್ಸನ್ ಆ ವರ್ಷ ಆಯ್ಕೆಯಾದಾಗ ಅಲ್ಬರ್ಟಾದ 34 ಸ್ಥಾನಗಳಲ್ಲಿ ಕನ್ಸರ್ವೇಟಿವ್ ಅಲ್ಲದ ಏಕೈಕ ಸಂಸದರು ಅವರಾಗಿದ್ದರು. 2025ರಲ್ಲಿ ಮತ್ತೊಮ್ಮೆ ಬದಲಾದ ಗಡಿಗಳೊಡನೆ ಚುನಾವಣೆ ನಡೆಯಿತು. ದೇಶದಾದ್ಯಂತ ಅವರ ಪಕ್ಷ ಏಳು ಸ್ಥಾನಗಳಿಗೆ ಕುಸಿದರೂ ಸ್ಟ್ರಾತ್‌ಕೋನಾ ಆ ಏಳರಲ್ಲಿ ಒಂದಾಗಿ ಉಳಿಯಿತು. ಮುಂದಿನ ನಕ್ಷೆ 2031ರ ಜನಗಣತಿಯ ನಂತರ ಬರಬೇಕು.