ಹೆಸರಿಲ್ಲದ್ದ ಹೆಮ್ಮಕ್ಕಳ ಕಲ್ಲು

ಅಕ್ಕ-ತಂಗೆಕ್ಕಳೇ, ಇಂದು ದೂರದ ಊರಿನ ಒಂದು ಕಲ್ಲಿನ ಕತೆ ಹೇಳ್ತೆ.

ಸ್ಕಾಟ್‌ಲೆಂಡಿನ ಉತ್ತರಲ್ಲಿ, ಕಡಲ ಕರೆಲಿ ಹಿಲ್ಟನ್ ಹೇಳ್ತ ಊರಿದ್ದು. ಹಿಂದೆ ಆ ಸೀಮೆಲಿ ಪಿಕ್ಟ್ ಹೇಳ್ತ ಜನಂಗೊ ಇತ್ತಿದ್ದವು. ಕ್ರಿ.ಶ. 800ರ ಸುಮಾರಿಂಗೆ ಅವು ಅಲ್ಲಿ ಒಂದು ದೊಡ್ಡ ಕಲ್ಲಿನ ಎರಡೂ ಹೊಡೆಲಿ ಕೆತ್ತಿ ನಿಲ್ಸಿದವು. ಒಂದು ಹೊಡೆಲಿ ಶಿಲುಬೆ. ಇನ್ನೊಂದು ಹೊಡೆಲಿ ಬೇಟೆ: ನಾಯಿಗೊ ಜಿಂಕೆಯ ಓಡ್ಸುತ್ತವು, ಎಲ್ಲದರಿಂದ ಮೇಗೆ ಒಂದು ಹೆಣ್ಣು ಕುದುರೆ ಮೇಲೆ ಒಂದೇ ಹೊಡೆಂಗೆ ಕಾಲು ಇಳಿಬಿಟ್ಟು, ನಮ್ಮನ್ನೇ ನೋಡಿಗೊಂಡು ಕೂಯಿದು. ಅದರ ಹತ್ತರೆ ಕನ್ನಡಿ, ಬಾಚಣಿಗೆ! ಪಿಕ್ಟರ ಸುಮಾರು ಕಲ್ಲುಗಳಲ್ಲಿ ಈ ಜೋಡಿ ಇದ್ದು; ಅದು ಹೆಮ್ಮಕ್ಕಳ ಗುರ್ತ ಹೇಳಿ ಕೆಲವು ವಿದ್ವಾಂಸರು ಹೇಳ್ತವು.

1676ರಲ್ಲಿ ಶಿಲುಬೆಯ ಹೊಡೆಯ ಉಳಿಲಿ ಕೆತ್ತಿ ತೆಗದು, ಅಲೆಗ್ಸಾಂಡರ್ ಡಫ್ ಹೇಳ್ತವನ ಗೋರಿಕಲ್ಲು ಮಾಡಿದವು. ಬರದ್ದು ಎಂತರ? ಅವನ ಹೆಸರು, ಮತ್ತೆ ಅವನ ಮೂರು ಹೆಂಡತ್ತಿಯಕ್ಕೊ ಹೇಳಿ. ಮೂವರಲ್ಲಿ ಒಬ್ಬರ ಹೆಸರೂ ಇಲ್ಲೆ!

ಪುಣ್ಯಕ್ಕೆ ಬೇಟೆಯ ಹೊಡೆ ಒಳುದತ್ತು. 1921ರಲ್ಲಿ ಕಲ್ಲಿನ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಂಗೆ ತೆಕ್ಕೊಂಡು ಹೋಪಗ ಜನ ಗಲಾಟೆ ಮಾಡಿ ಒಪಾಸು ತರುಸಿದವು. ಈಗ ಎಡಿನ್‌ಬರೊದ ಮ್ಯೂಸಿಯಮ್ಮಿಲಿದ್ದು. 2001ರಲ್ಲಿ ಹಿಲ್ಟನ್ನಿಲಿ ಗರ್ಪುವಗ ಕಲ್ಲಿನ ಮುರುದ ಬುಡ ಸಿಕ್ಕಿತ್ತು. ಕೆತ್ತಿ ಇಡ್ಕಿದ ಶಿಲುಬೆಯ ಸಾವಿರಗಟ್ಲೆ ಚೂರುಗಳೂ ಅಲ್ಲೇ ಮಣ್ಣಿಲಿ ಇತ್ತು.

ಕುದುರೆ ಮೇಲೆ ಕೂದ ಆ ಹೆಣ್ಣಿಂಗೂ ಹೆಸರಿಲ್ಲೆ. ಆದರೆ ಅದರ ಮೋರೆ, ಕನ್ನಡಿ, ಬಾಚಣಿಗೆ ಇದ್ದು. ಆ ಮೂವರದ್ದು ಬರೀ ಲೆಕ್ಕ ಒಳುದ್ದು.

ಮನೆಲಿ ಹಳೆ ಫೊಟೊ ಇದ್ದರೆ ಹಿಂದಾಣ ಹೊಡೆಲಿ ಅಜ್ಜಿಯಕ್ಕಳ ಹೆಸರು ಇಂದೇ ಬರದು ಮಡಗಿ, ಆತೋ?