ಕಮಲನಗರ ಸೀಮೆಯ ಹಿತ್ತಲು ಮತ್ತು ಬೆಳ್ಳುಳ್ಳಿಯ ತಳಿಗಳು

ಭಾಲ್ಕಿಗೂ ಉದಗೀರಿಗೂ ನಡುವೆ, ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿರುವ ಕಮಲನಗರ ಸೀಮೆಯ ನೆಲ ಬಹುಪಾಲು ಎರೆಮಣ್ಣಿನದು. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಈ ಜಿಗುಟು ಕರಿನೆಲ ತೊಗರಿ, ಉದ್ದು, ಹೆಸರು, ಕಡಲೆ, ಜೋಳಗಳಿಗೆ ಒಗ್ಗಿದಷ್ಟು ಬೆಳ್ಳುಳ್ಳಿಗೆ ಒಗ್ಗುವುದಿಲ್ಲ. ಬಿಗಿದ ಮಣ್ಣಿನಲ್ಲಿ ಗಡ್ಡೆ ಸೊಟ್ಟಗಾಗುವುದಲ್ಲದೆ, ಬೇರು ಮೇಲ್ಪದರದಲ್ಲೇ ಹರಡುವುದರಿಂದ ಹಿಂಗಾರಿ ಜೋಳದಂತೆ ನೆಲದಾಳದ ತೇವವನ್ನು ನಂಬಿ ಬದುಕುವ ಶಕ್ತಿಯೂ ಈ ಬೆಳೆಗಿಲ್ಲ. ಬೂದಿ, ಸಗಣಿಗೊಬ್ಬರ ಸೇರಿ ಹದಗೊಂಡ ಮಣ್ಣು ಮತ್ತು ಬಾವಿಯ ಅಥವಾ ಬಚ್ಚಲಿನ ನೀರು ಎರಡೂ ಒಟ್ಟಿಗೆ ಸಿಗುತ್ತಿದ್ದುದು ಮನೆಯ ಹಿತ್ತಲಿನಲ್ಲಿ ಮಾತ್ರ. ಆದಕಾರಣ ಕೊಳವೆಬಾವಿಗಳು ಬರುವ ಮುನ್ನಿನ ಕಾಲದಲ್ಲಿ ಇಲ್ಲಿನ ಬೆಳ್ಳುಳ್ಳಿಯ ಚರಿತ್ರೆಯನ್ನು ಹೊಲದ ಚರಿತ್ರೆಯಾಗಿ ಅಲ್ಲ, ಮನೆಯ ಚರಿತ್ರೆಯಾಗಿ ಓದುವುದು ಸರಿ.

ಬೆಳ್ಳುಳ್ಳಿಯ ಮೂಲ ನೆಲೆ ಮಧ್ಯ ಏಷ್ಯಾ. ಸಾವಿರಾರು ವರ್ಷ ಮನುಷ್ಯರ ಕೈಯಲ್ಲಿ ಬೆಳೆಯುತ್ತ ಬಂದ ಈ ಸಸ್ಯ ಬೀಜ ಕಟ್ಟುವ ಶಕ್ತಿಯನ್ನೇ ಬಹುಮಟ್ಟಿಗೆ ಕಳೆದುಕೊಂಡಿತು. ಬೀಜ ಕಟ್ಟಬಲ್ಲ ಬೆಳ್ಳುಳ್ಳಿಯನ್ನು ಜಪಾನಿನ ಸಂಶೋಧಕರು ಮಧ್ಯ ಏಷ್ಯಾದಲ್ಲಿ ಗುರುತಿಸಿದ್ದು 1980ರ ದಶಕದಲ್ಲಿ. ಎಸಳನ್ನೇ ಬಿತ್ತಿ ಬೆಳೆಯಬೇಕಾದ್ದರಿಂದ ಪ್ರತಿ ಗಿಡವೂ ತಾಯಿಗಡ್ಡೆಯ ಯಥಾವತ್ ಮುಂದುವರಿಕೆ. ತಳಿಯೊಂದು ಉಳಿಯಬೇಕಾದರೆ ಯಾರಾದರೂ ಪ್ರತಿ ವರ್ಷ ಗಡ್ಡೆಗಳಲ್ಲಿ ಒಂದಿಷ್ಟನ್ನು ತಿನ್ನದೆ ಎತ್ತಿಡಲೇಬೇಕು. ಕೆಲವೇ ತಿಂಗಳು ಬಾಳುವ ಗಡ್ಡೆಯನ್ನು ಧಾನ್ಯದಂತೆ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ವರ್ಷಗಟ್ಟಲೆ ಮುಚ್ಚಿಡಲಾಗದು. ಮರಾಠವಾಡವನ್ನೂ ಉತ್ತರ ಕರ್ನಾಟಕದ ಭಾಗಗಳನ್ನೂ ಕಂಗೆಡಿಸಿದ 1972ರ ಬರದಂಥ ವರ್ಷದಲ್ಲಿ ಮನೆಯವರು ಬಿತ್ತನೆಯ ಗಡ್ಡೆಯನ್ನೂ ಅಡುಗೆಗೆ ಬಳಸಿಬಿಟ್ಟರೆ, ಆ ಮನೆಯ ಮಟ್ಟಿಗೆ ತಳಿಯ ಕಥೆ ಅಲ್ಲಿಗೆ ಮುಗಿದಂತೆ.

ಇಷ್ಟು ಆರೈಕೆ ಬೇಡುವ ಗಡ್ಡೆಗೆ ಶಾಸ್ತ್ರಗ್ರಂಥಗಳ ಆದರ ಸುಲಭವಾಗಿ ಸಿಗಲಿಲ್ಲ. ಮನುಸ್ಮೃತಿಯ 5ನೆಯ ಅಧ್ಯಾಯ ದ್ವಿಜರಿಗೆ ಇದನ್ನು ನಿಷೇಧಿಸುತ್ತದೆ. ನೆಲದೊಳಗೆ ಬೆಳೆಯುವ ಕಂದಮೂಲಗಳನ್ನು ಜೀವಹಿಂಸೆಯ ಕಾರಣಕ್ಕೆ ತ್ಯಜಿಸುವ ಜೈನರ ಆಹಾರದಲ್ಲೂ ಇದಕ್ಕೆ ಎಡೆಯಿಲ್ಲ. ವೈದ್ಯಗ್ರಂಥಗಳ ದಾರಿ ಬೇರೆ. ಸ್ತ್ರೀ ಮತ್ತು ಶಿಶುಗಳ ಚಿಕಿತ್ಸೆಗೆ ಮೀಸಲಾದ ಕಾಶ್ಯಪ ಸಂಹಿತೆಯಲ್ಲಿ ಬೆಳ್ಳುಳ್ಳಿಗೆಂದೇ ಲಶುನಕಲ್ಪ ಎಂಬ ಅಧ್ಯಾಯವಿದೆ. ಮಧ್ಯ ಏಷ್ಯಾದ ಕುಚಾದಲ್ಲಿ 1890ರಲ್ಲಿ ದೊರೆತು, ಬೋವರ್ ಹಸ್ತಪ್ರತಿ ಎಂದು ಹೆಸರಾದ ಸಂಸ್ಕೃತ ಸಂಕಲನ ಬೆಳ್ಳುಳ್ಳಿಯ ಪ್ರಶಂಸೆಯಿಂದಲೇ ತೊಡಗಿ, ಚಳಿಗಾಲದಲ್ಲಿ ಮನೆಗಳಿಗೆ ಬೆಳ್ಳುಳ್ಳಿಯ ಮಾಲೆ ಕಟ್ಟುವ ಉತ್ಸವವನ್ನು ವರ್ಣಿಸುತ್ತದೆ. ಹಸುವಿಗೆ ಬೆಳ್ಳುಳ್ಳಿ ತಿನ್ನಿಸಿ ಅದರ ಹಾಲನ್ನು ಬ್ರಾಹ್ಮಣನು ಸೇವಿಸಬಹುದೆಂಬ ಉಪಾಯವನ್ನೂ ಹೇಳುತ್ತದೆ. ನಿಷೇಧವನ್ನು ಮುರಿಯದೆಯೂ ಔಷಧವನ್ನು ಬಿಡದೆಯೂ ಕಂಡುಕೊಂಡ ಈ ದಾರಿಯನ್ನು ಓದಿ ನಗು ಬರುವುದು ಸಹಜವಾದರೂ, ಬೆಳ್ಳುಳ್ಳಿಯ ಗುಣದ ಮೇಲಿನ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಬೀದರ್ ಸೀಮೆಯ ಅಡುಗೆಮನೆ ಬಹುಮಟ್ಟಿಗೆ ವೈದ್ಯರ ಪಕ್ಷವನ್ನೇ ಹಿಡಿಯಿತು. ಕೊರಳಿಗೆ ತುಳಸಿಮಾಲೆ ಧರಿಸುವ ವಿಠ್ಠಲಭಕ್ತ ವಾರಕರಿಗಳ ಮನೆಗಳು ಬೆಳ್ಳುಳ್ಳಿಯನ್ನು ದೂರವಿಟ್ಟರೂ, ಉಳಿದೆಡೆ ಪುಂಡಿಪಲ್ಯದ ಒಗ್ಗರಣೆ, ಶೇಂಗಾ ಚಟ್ನಿ, ರೊಟ್ಟಿಯ ಜೊತೆಗಿನ ಹಸಿಖಾರ ಯಾವುದೂ ಬೆಳ್ಳುಳ್ಳಿಯಿಲ್ಲದೆ ಪೂರ್ಣವಾಗುವುದಿಲ್ಲ. ಬಾಣಂತಿಯ ಪಥ್ಯದಲ್ಲಂತೂ ಅದು ಕಡ್ಡಾಯ. ಹಿತ್ತಲಿನ ಪಾತಿಗೂ ಹಬ್ಬಗಳ ಲೆಕ್ಕಕ್ಕೂ ನಂಟಿದೆ. ದಸರೆ, ದೀಪಾವಳಿಗಳ ಸುಮಾರಿಗೆ ಎಸಳನ್ನು ಬೇರಿನ ಬುಡ ಕೆಳಗಾಗಿ ಊರಿದರೆ ಮಾರ್ಗಶಿರದ ಅಮಾವಾಸ್ಯೆಯ ಹೊತ್ತಿಗೆ ಗಿಡ ಹಸಿರು ಸೊಪ್ಪಿನ ಹಂತದಲ್ಲಿರುತ್ತದೆ. ಬೀದರ್, ಕಲಬುರಗಿ, ಲಾತೂರು ಕಡೆಗಳಲ್ಲಿ ಎಳ್ಳಮಾಸಿ ಎಂದು, ಮರಾಠಿಯಲ್ಲಿ ವೇಳಾ ಅಮಾವಾಸ್ಯೆ ಎಂದು ಆಚರಿಸುವ ಆ ದಿನ ಹೊಲದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಹಸಿಕಾಳು, ಸೊಪ್ಪುಗಳನ್ನು ಕಡಲೆಹಿಟ್ಟಿನಲ್ಲಿ ಕುದಿಸಿದ ಭಜ್ಜಿಯನ್ನೂ ಅಂಬಲಿಯನ್ನೂ ಉಣ್ಣುತ್ತಾರೆ. ಬೆಳ್ಳುಳ್ಳಿಯ ಎಳೆ ಸೊಪ್ಪು ಆ ಭಜ್ಜಿಗೆ ಸಲ್ಲುತ್ತದೆ. ಮಿಕ್ಕ ಗಿಡಗಳಿಗೆ ಕೀಳುವ ಎರಡು ಮೂರು ವಾರ ಮೊದಲೇ ನೀರು ನಿಲ್ಲಿಸಿ, ಫೆಬ್ರವರಿ, ಮಾರ್ಚ್ ಹೊತ್ತಿಗೆ ಕಿತ್ತು, ಎಲೆಸಮೇತ ಜಡೆ ಹೆಣೆದು ನೆರಳಲ್ಲಿ ತೂಗುಬಿಟ್ಟರೆ ಮುಂದಿನ ಬಿತ್ತನೆಯವರೆಗೆ ಗಡ್ಡೆ ಬಾಳುತ್ತದೆ.

ಹೀಗೆ ಮನೆಯಿಂದ ಮನೆಗೆ ಸಾಗಿ ಬಂದದ್ದೇ ಜವಾರಿ, ಅಂದರೆ ನಾಟಿ ಬೆಳ್ಳುಳ್ಳಿ: ಗಡ್ಡೆ ಸಣ್ಣದು, ಎಸಳು ಸಪೂರ, ಸುಲಿಯುವುದು ತಾಪತ್ರಯ, ಘಾಟು ಮಾತ್ರ ಬಲು ಜೋರು. ಗಡ್ಡೆ ಸಾಗಿ ಬಂದ ಈ ಸೀಮೆಯ ದಾರಿಗಳೂ ಗಡಿಗಳೂ ಮಾತ್ರ ಬದಲಾಗುತ್ತ ಹೋದವು. 1930ರ ದಶಕದ ಆರಂಭದಲ್ಲಿ ನಿಜಾಮ್ ಸರ್ಕಾರದ ರೈಲುಮಾರ್ಗ ವಿಕಾರಾಬಾದಿನಿಂದ ಬೀದರ್, ಭಾಲ್ಕಿ, ಕಮಲನಗರ, ಉದಗೀರಗಳನ್ನು ದಾಟಿ ಪರಳಿಯನ್ನು ಮುಟ್ಟಿತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ಹಳೆಯ ಬೀದರ್ ಜಿಲ್ಲೆಯ ಔರಾದ್, ಭಾಲ್ಕಿಗಳು ಮೈಸೂರು ರಾಜ್ಯಕ್ಕೆ ಸೇರಿ, ಉದಗೀರ ಆಗಿನ ಮುಂಬಯಿ ರಾಜ್ಯದ ಪಾಲಾಯಿತು. ಗಡಿ ಬಿದ್ದರೂ ಎರಡೂ ಕಡೆಯ ಊರುಗಳ ನಡುವಿನ ಹೆಣ್ಣು ಕೊಟ್ಟು ತರುವ ಸಂಬಂಧ ನಿಲ್ಲಲಿಲ್ಲವಾದ್ದರಿಂದ, ಗಡ್ಡೆಯ ರೂಪದಲ್ಲೇ ಊರು ದಾಟಬೇಕಾದ ಬೆಳೆಗೆ ಈ ವಿಭಜನೆ ದೊಡ್ಡ ತಡೆಯಾಗಿರಲಾರದು.

ಹೆಚ್ಚಿನ ಬದಲಾವಣೆ ತಂದದ್ದು ಸಂಶೋಧನಾ ಕೇಂದ್ರಗಳು. 1977ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ತೋಟಗಾರಿಕಾ ಸಂಶೋಧನೆ ಮತ್ತು ಅಭಿವೃದ್ಧಿ ಪ್ರತಿಷ್ಠಾನ ಯಮುನಾ ಸಫೇದ್, ಅಗ್ರಿಫೌಂಡ್ ವೈಟ್ ತಳಿಗಳನ್ನು ನೀಡಿತು. 1994ರಲ್ಲಿ ನಾಸಿಕದಲ್ಲಿ ಆರಂಭವಾಗಿ 1998ರಲ್ಲಿ ಪುಣೆಯ ಬಳಿಯ ರಾಜಗುರುನಗರಕ್ಕೆ ಸ್ಥಳಾಂತರಗೊಂಡ ಈರುಳ್ಳಿ ಮತ್ತು ಬೆಳ್ಳುಳ್ಳಿ ಸಂಶೋಧನಾ ಕೇಂದ್ರ ಭೀಮಾ ಓಂಕಾರ್, ಭೀಮಾ ಪರ್ಪಲ್‌ಗಳನ್ನು ಹೊರತಂದಿತು. ಬೀಜವಿಲ್ಲದ ಬೆಳೆಯಲ್ಲಿ ಸಂಕರಕ್ಕೆ ಆಸ್ಪದ ಕಡಿಮೆಯಾದ್ದರಿಂದ ಇಂಥ ತಳಿಗಳು ಮುಖ್ಯವಾಗಿ ಮೊದಲೇ ಇದ್ದ ಗಡ್ಡೆಗಳಲ್ಲಿ ಉತ್ತಮವಾದವನ್ನು ಆರಿಸಿ ಹೆಚ್ಚಿಸಿದವು. ಹಿತ್ತಲುಗಳಲ್ಲಿ ಹೆಸರಿಲ್ಲದೆ ನಡೆಯುತ್ತಿದ್ದ ಆಯ್ಕೆಯೇ ಅಲ್ಲಿ ದಾಖಲೆಯೊಂದಿಗೆ ನಡೆಯಿತು.

ದಪ್ಪ ಎಸಳಿನ ಆಸೆಗೆ ಪೇಟೆಯ ಗಡ್ಡೆಯನ್ನೇ ತಂದು ಊರುವವರು ಗಮನಿಸಬೇಕಾದ ಅಂಶ ಹಗಲಿನ ಅವಧಿ. ಬಯಲುಸೀಮೆಯ ತಳಿಗಳು ಚಳಿಗಾಲದ ಗಿಡ್ಡ ಹಗಲಿನಲ್ಲೇ ಗಡ್ಡೆ ಕಟ್ಟುತ್ತವೆ. ಹಿಮಾಲಯದ ಬೆಟ್ಟಗಳಿಗೆಂದು ಬಿಡುಗಡೆಯಾದ ಅಗ್ರಿಫೌಂಡ್ ಪಾರ್ವತಿಯಂಥವಕ್ಕೆ ಉದ್ದ ಹಗಲೂ ಹೆಚ್ಚಿನ ತಂಪೂ ಬೇಕು. ಕಮಲನಗರದ ಹಿತ್ತಲಿನಲ್ಲಿ ಅಂಥ ಎಸಳು ಸೊಂಪಾಗಿ ಸೊಪ್ಪು ಬಿಟ್ಟೀತು, ಆದರೆ ಹೇಳಿಕೊಳ್ಳುವಂಥ ಗಡ್ಡೆಯನ್ನು ಕಟ್ಟಲಾರದು.